ಮರುದಿನದ ಧೈರ್ಯ

ಕಳೆದ ನವೆಂಬರ್ 11ರಂದು ನಮ್ಮ ಶಾಲೆಯಲ್ಲಿ ಒನಕೆ ಓಬವ್ವನ ಜಯಂತಿ ಇತ್ತು. 2021ರಿಂದ ಸರ್ಕಾರವೇ ಆಚರಿಸುತ್ತಿರುವುದರಿಂದ ಈಗ ಪ್ರತಿ ವರ್ಷವೂ ಉಂಟು. ಎಂಟನೇ ತರಗತಿಯ ಹುಡುಗಿಯೊಬ್ಬಳು ಕಚ್ಚೆ ಸೀರೆ ಉಟ್ಟು, ಹಣೆಗೆ ಕಾಸಗಲ ಕುಂಕುಮವಿಟ್ಟು, ಒನಕೆ ಹಿಡಿದು ವೇದಿಕೆಗೆ ಬಂದಳು. ಒನಕೆಯನ್ನು ಎಲ್ಲಿಂದ ತಂದಳೋ ಎಂದು ನನಗೆ ಸೋಜಿಗ. ಮಿಕ್ಸಿ ಬಂದ ಮೇಲೆ ಯಾರ ಮನೆಯಲ್ಲಿ ಒನಕೆ ಉಳಿದಿದೆ ಹೇಳಿ! ಕೇಳಿದರೆ ಅವಳ ಅಜ್ಜಿಯದಂತೆ, ಅಟ್ಟದ ಮೇಲಿತ್ತಂತೆ. ಬಲು ಭಾರದ್ದು. ಹುಡುಗಿಗೆ ಅದನ್ನು ಎತ್ತಲು ಆಗದೆ, ಹೈದರನ ಸೈನಿಕರಾಗಿದ್ದ ಹುಡುಗರು ಕಿಂಡಿಯಿಂದ ತಲೆ ಹೊರಹಾಕಿ ಪಾಪ ಸುಮ್ಮನೆ ಕಾಯುತ್ತ ಕುಳಿತರು. ಒಬ್ಬನಂತೂ ‘ಬೇಗ ಹೊಡಿಯೇ’ ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಕ್ಕೂ ನಕ್ಕೂ ನಮಗೆಲ್ಲ ಸಾಕಾಯಿತು.

ಮಧ್ಯಾಹ್ನ ತರಗತಿಗೆ ಹೋದೆ. ಪಾಠ ಕೇಳುವ ಮನಸ್ಸು ಮಕ್ಕಳಿಗೂ ಇರಲಿಲ್ಲ, ಮಾಡುವ ಮನಸ್ಸು ನನಗೂ ಇರಲಿಲ್ಲ. ಧೈರ್ಯ ಎಂದರೇನು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಹುಲಿ, ಕಳ್ಳ, ಕತ್ತಲೆ, ಹಾವು ಎಲ್ಲ ಬಂದವು. ಕೊನೆಯ ಸಾಲಿನಲ್ಲಿ ಕೂರುವ, ವಾರಕ್ಕೊಮ್ಮೆಯೂ ಬಾಯಿ ಬಿಡದ ಹುಡುಗಿ ಎದ್ದು ನಿಂತು, ‘ಟೀಚರ್, ನಿಮಗೆ ಧೈರ್ಯ ಇದೆಯಾ?’ ಎಂದಳು.

‘ಇಲ್ಲದಿದ್ದರೆ ನಿಮಗೆ ಪಾಠ ಮಾಡಲಿಕ್ಕೆ ಆಗುತ್ತಾ?’ ಎಂದೆ. ಮಕ್ಕಳು ಗೊಳ್ಳೆಂದರು. ಅಷ್ಟರಲ್ಲಿ ಗಂಟೆಯೂ ಹೊಡೆಯಿತು, ಬಚಾವಾದೆ.

ಸಂಜೆ ಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಆ ಪ್ರಶ್ನೆ ಮತ್ತೆ ಬಂತು. ಆ ಹುಡುಗಿ ತಮಾಷೆಗೆ ಕೇಳಿರಲಿಲ್ಲ. ಮೂವತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಓಬವ್ವ, ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ ಎಲ್ಲರನ್ನೂ ವರ್ಷ ವರ್ಷ ಕರಿಹಲಗೆಯ ಮುಂದೆ ನಿಲ್ಲಿಸಿದ್ದೇನೆ. ಅವರ ಪಕ್ಕದಲ್ಲಿ ನೀನೆಲ್ಲಿ ನಿಲ್ಲುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ನಮ್ಮದು ಚಿತ್ರದುರ್ಗಕ್ಕೆ ಹತ್ತಿರದ ಊರು. ಶಾಲೆಯ ಪ್ರವಾಸವೆಂದರೆ ಮೊದಲು ಆ ಏಳು ಸುತ್ತಿನ ಕೋಟೆಯೇ. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒನಕೆ ಕಿಂಡಿಯ ಮುಂದೆ ನಿಂತು ಮಕ್ಕಳಿಗೆ ಕಥೆ ಹೇಳುವುದು ನನ್ನ ಪಾಲಿನ ಕೆಲಸ. ಕಾವಲುಗಾರ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಕುಡಿಯುವ ನೀರಿಲ್ಲ. ಹೆಂಡತಿ ಕೊಡ ತೆಗೆದುಕೊಂಡು ಹೊರಟಳು. ಕಿಂಡಿಯಲ್ಲಿ ಶತ್ರುಗಳು ನುಸುಳುವುದು ಕಂಡಿತು. ಓಡಿಬಂದು ಒನಕೆ ತಂದು, ತೂರಿ ಬಂದ ತಲೆಯನ್ನೆಲ್ಲ ಕುಟ್ಟಿ ಹೆಣವನ್ನು ಪಕ್ಕಕ್ಕೆಳೆದು ಮತ್ತೆ ಕಾದು ನಿಂತಳು. ಊಟ ಮುಗಿಸಿ ಬಂದ ಗಂಡ ನೋಡಿದಾಗ ಕೈಯಲ್ಲಿ ರಕ್ತದ ಒನಕೆ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾದ ಮೇಲೆ ನಮ್ಮ ಮಕ್ಕಳೆಲ್ಲರ ಕಣ್ಣಲ್ಲಿ ಓಬವ್ವನಿಗೆ ಆ ಮುಖವೇ.

ಗಂಡ ಊಟಕ್ಕೆ ಕೂತಿದ್ದಾನೆ, ಎಬ್ಬಿಸಬಾರದು ಎಂದು ಆಕೆ ಒಬ್ಬಳೇ ಹೋದಳು ಎಂದು ಕಥೆ ಹೇಳುವವರು ತಪ್ಪದೆ ಸೇರಿಸುತ್ತಾರೆ. ಕೋಟೆಗೆ ಶತ್ರು ನುಗ್ಗುತ್ತಿದ್ದರೂ ಗಂಡನ ಊಟ ಕೆಡಬಾರದು! ಇದನ್ನು ಹೇಳುವಾಗ ಸಹೋದ್ಯೋಗಿ ಮೇಡಂಗಳು ನಾವು ಒಬ್ಬರ ಮುಖ ಒಬ್ಬರು ನೋಡಿ ನಗುತ್ತೇವೆ. ಇರಲಿ.

ಓಬವ್ವನ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಕಿಂಡಿಯ ಮುಂದೆ ನಿಂತಾಗೆಲ್ಲ ಒಂದು ವಿಚಾರ ಬರುತ್ತದೆ. ಆಕೆಗೆ ಯೋಚಿಸಲು ಸಮಯವಿರಲಿಲ್ಲ. ಎದುರಿಗೆ ಶತ್ರು, ಕೈಗೆ ಸಿಕ್ಕಿದ್ದು ಒನಕೆ. ಯಾರ ಕಡೆ ನಿಲ್ಲಬೇಕು ಎಂಬ ಗೊಂದಲವೂ ಇರಲಿಲ್ಲ. ಮತ್ತು ಅದೇ ದಿನ ಆಕೆಯೂ ಸತ್ತಳು ಎಂದು ಕಥೆ. ಮರುದಿನ ಬೆಳಗ್ಗೆ ಆಕೆ ಎದ್ದು, ಅದೇ ಕೊಡ ಹಿಡಿದು, ಅದೇ ದಾರಿಯಲ್ಲಿ ನೀರಿಗೆ ಹೋಗಬೇಕಾಗಿ ಬರಲಿಲ್ಲ. ನಾವು ಮೆಚ್ಚುವ ವೀರರಲ್ಲಿ ಬಹಳ ಜನರಿಗೆ ಹೀಗೆ ಮರುದಿನವೇ ಇಲ್ಲ.

ನಮ್ಮ ಮಾತನ್ನೇ ನೋಡಿ. ಶೌರ್ಯ, ಸಾಹಸ, ಕೆಚ್ಚು ಇವೆಲ್ಲ ಹುಟ್ಟಿನಿಂದ ಬಂದಂಥವು, ಪದಕ ಕೊಡುವಂಥವು. ಧೈರ್ಯ ಹಾಗಲ್ಲ. ಅದನ್ನು ತಂದುಕೊಳ್ಳಬೇಕು. ಒಬ್ಬರು ಇನ್ನೊಬ್ಬರಿಗೆ ಧೈರ್ಯ ಹೇಳಬಹುದು, ತುಂಬಬಹುದು. ‘ಕೇಳೋಣವೆಂದುಕೊಂಡೆ, ಧೈರ್ಯ ಸಾಲಲಿಲ್ಲ’ ಎನ್ನುತ್ತೇವೆ, ಡಬ್ಬಿಯಲ್ಲಿ ಕಾಫಿಪುಡಿ ಸಾಲದೇ ಬಂದಂತೆ. ಮನೆ ನಡೆಸುವ ಹೆಂಗಸರು ಮಾಡಿಟ್ಟ ಮಾತುಗಳಿರಬೇಕು ಇವು. ಶೌರ್ಯ ಸಾಲಲಿಲ್ಲ ಎಂದು ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ಬಿ.ಎ.ಯಲ್ಲಿ ನನಗೆ ತತ್ತ್ವಶಾಸ್ತ್ರ ಒಂದು ವಿಷಯವಾಗಿತ್ತು. ಅಂಕ ಚೆನ್ನಾಗಿ ಬರುತ್ತದೆಂದು ಆರಿಸಿಕೊಂಡಿದ್ದೆ, ಬರಲಿಲ್ಲ. ಆದರೆ ಒಂದೆರಡು ಸಂಗತಿ ತಲೆಯಲ್ಲಿ ಉಳಿದವು. ಪ್ಲೇಟೋ ಬರೆದ ಸಂಭಾಷಣೆಯೊಂದರಲ್ಲಿ ಸಾಕ್ರೆಟಿಸ್ ಇಬ್ಬರು ಸೇನಾಪತಿಗಳನ್ನು ಹಿಡಿದು ಧೈರ್ಯವೆಂದರೇನು ಎಂದು ಕೇಳುತ್ತಾನೆ. ಲಾಕೆಸ್ ಎಂಬವನು, ಇದೇನು ಮಹಾ, ಯುದ್ಧದಲ್ಲಿ ತನ್ನ ಜಾಗ ಬಿಟ್ಟು ಓಡದವನೇ ಧೈರ್ಯವಂತ ಎನ್ನುತ್ತಾನೆ. ಹಿಂದೆ ಸರಿಯುತ್ತಲೇ ಹೋರಾಡಿ ಗೆದ್ದವರಿಲ್ಲವೇ, ರೋಗದಲ್ಲಿ ಬಡತನದಲ್ಲಿ ಧೈರ್ಯ ತೋರುವವರಿಲ್ಲವೇ ಎಂದು ಸಾಕ್ರೆಟಿಸ್ ಒಂದೊಂದೇ ಎಳೆ ಬಿಡಿಸುತ್ತ ಹೋಗುತ್ತಾನೆ. ಕೊನೆಗೆ ಇಬ್ಬರು ದಂಡನಾಯಕರಿಗೂ ಉತ್ತರ ಹೊಳೆಯುವುದಿಲ್ಲ, ಪುಸ್ತಕವೂ ಉತ್ತರ ಕೊಡದೆಯೇ ಮುಗಿಯುತ್ತದೆ. ಪರೀಕ್ಷೆಗೆ ಓದುವಾಗ, ಉತ್ತರವೇ ಇಲ್ಲದ್ದನ್ನು ಹತ್ತು ಅಂಕಕ್ಕೆ ಹೇಗಪ್ಪಾ ಬರೆಯುವುದು ಎಂದು ಸಿಟ್ಟು ಬಂದಿತ್ತು. ಅರಿಸ್ಟಾಟಲ್ ಆ ಮಟ್ಟಿಗೆ ವಾಸಿ. ಹೇಡಿತನಕ್ಕೂ ಹುಂಬತನಕ್ಕೂ ನಡುವಿನದು ಧೈರ್ಯ ಎಂದ. ಧೈರ್ಯದಂತೆ ಕಂಡರೂ ಧೈರ್ಯವಲ್ಲದವನ್ನೂ ಹೇಳಿದ: ಸಿಟ್ಟಿನ ಭರದಲ್ಲಿ ನುಗ್ಗುವುದು, ಅಪಾಯ ಎಷ್ಟಿದೆ ಎಂದು ತಿಳಿಯದೆ ನುಗ್ಗುವುದು, ನಾಲ್ಕು ಜನ ಏನಂದಾರೋ ಎಂದು ನುಗ್ಗುವುದು.

ನಮ್ಮಲ್ಲಿ ಹೇಡಿ ಎಂದರೆ ಉತ್ತರಕುಮಾರ. ಉತ್ತರನ ಪೌರುಷ ಒಲೆಯ ಮುಂದೆ ಎಂದು ಗಾದೆಯನ್ನೇ ಮಾಡಿ ಅವನ ಮಾನ ಕಳೆದಿದ್ದೇವೆ. ಅಂತಃಪುರದ ಹೆಂಗಸರೆದುರು ಬಡಾಯಿ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವನು. ಆದರೆ ಕಥೆಯ ಮುಂದಿನ ಭಾಗವನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಊರಿಗೆ ಊರೇ ಜಯಘೋಷ ಮಾಡುತ್ತಿದೆ, ತಂದೆ ವಿರಾಟರಾಜ ಮಗನೇ ಗೆದ್ದನೆಂದು ಹಿಗ್ಗಿ ಹೀರೆಕಾಯಿಯಾಗಿದ್ದಾನೆ. ಆ ತುಂಬಿದ ಸಭೆಯಲ್ಲಿ ಉತ್ತರ, ಗೆದ್ದವನು ನಾನಲ್ಲ, ನಾನು ಹೆದರಿ ಓಡಿದೆ, ಬೇರೊಬ್ಬ ಗೆದ್ದ ಎಂದು ಹೇಳುತ್ತಾನೆ. ಸುಮ್ಮನಿದ್ದಿದ್ದರೆ ಆ ಹೊತ್ತಿಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯುದ್ಧಭೂಮಿಯಲ್ಲಿ ಓಡಿದವನು ಸಭೆಯಲ್ಲಿ ಓಡಲಿಲ್ಲ. ನನಗೇನೋ ಅವನ ಬಗ್ಗೆ ಮೊದಲಿನಿಂದಲೂ ಒಂದು ಬಗೆಯ ಮರುಕ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಒಲೆಯ ಮುಂದಿನ ಪೌರುಷ ಎಂದು ಎಲ್ಲರೂ ನಗುತ್ತಾರೆ. ಆದರೆ ನಾನು ಹರೆಯದವಳಾಗಿದ್ದ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಸಾಯುತ್ತಿದ್ದುದು ಒಲೆಯ ಮುಂದೆಯೇ. ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತಿತ್ತು. ಅತ್ತೆಯರು ಅಡಿಗೆ ಮಾಡುತ್ತಿದ್ದ ಸ್ಟೌಗಳು ಯಾಕೋ ಸಿಡಿಯುತ್ತಿರಲಿಲ್ಲ.

1996ನೇ ಇಸವಿ. ನನಗೆ ಇಪ್ಪತ್ತೆಂಟು. ಮದುವೆಯಾಗಿ ಎರಡು ವರ್ಷ, ಕೆಲಸಕ್ಕೆ ಸೇರಿ ಮೂರು ವರ್ಷ. ನಾವಾಗ ಬೇರೆ ಊರಿನಲ್ಲಿದ್ದೆವು. ಬಾಡಿಗೆ ಮನೆ. ಒಂದೇ ಸೂರಿನ ಎರಡು ಪಾಲು, ದೊಡ್ಡ ಪಾಲಿನಲ್ಲಿ ಮಾಲೀಕರು, ಚಿಕ್ಕದರಲ್ಲಿ ನಾವು ಮತ್ತು ನಮ್ಮ ಅತ್ತೆ. ನಡುವೆ ಒಂದಿಟ್ಟಿಗೆಯ ಗೋಡೆ. ಅವರ ಮನೆಯ ಒಗ್ಗರಣೆಯ ವಾಸನೆ ನಮಗೆ, ನಮ್ಮ ಮನೆಯದು ಅವರಿಗೆ.

ಮಾಲೀಕರ ಮಗನಿಗೆ ಹಿಂದಿನ ವರ್ಷವಷ್ಟೇ ಮದುವೆಯಾಗಿತ್ತು. ಹುಡುಗಿ ಹಳ್ಳಿಯವಳು, ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಹಿತ್ತಲಲ್ಲಿ ಬಟ್ಟೆ ಹರವುವಾಗ ನನ್ನನ್ನು ಕಂಡರೆ ‘ಅಕ್ಕಾ, ಇವತ್ತು ಮಕ್ಕಳಿಗೆ ಏನು ಪಾಠ ಮಾಡಿದ್ರಿ?’ ಎಂದು ಕೇಳುತ್ತಿದ್ದಳು. ಅವಳಿಗೂ ಟಿ.ಸಿ.ಎಚ್. ಓದುವ ಆಸೆ ಇತ್ತಂತೆ. ಕರಿಬೇವು ಕಿತ್ತು ಗೋಡೆಯ ಮೇಲಿಟ್ಟು ಹೋಗುತ್ತಿದ್ದಳು.

ಅವಳ ತಂದೆ ಮದುವೆಯಲ್ಲಿ ಸ್ಕೂಟರಿನ ಮಾತು ಕೊಟ್ಟಿದ್ದರು. ಶೇಂಗಾ ಬೆಳೆ ಕೈಗೆ ಬಂದ ಮೇಲೆ ಕೊಡಿಸುತ್ತೇನೆ ಎಂದಿದ್ದರಂತೆ. ಆ ವರ್ಷ ಅವರ ಹೊಲಕ್ಕೆ ಮಳೆ ಕೈಕೊಟ್ಟಿತು. ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ರಾತ್ರಿ ಗೋಡೆಯಾಚೆ ಇದೇ ಮಾತು. ಮೊದಲು ಮಾತು, ಆಮೇಲೆ ಏರಿದ ದನಿ, ಆಮೇಲೆ ಬೇರೆ ಸದ್ದು. ನಮ್ಮವರು ಎದ್ದು ಟಿ.ವಿ.ಯ ದನಿ ಸ್ವಲ್ಪ ಹೆಚ್ಚಿಸುತ್ತಿದ್ದರು. ‘ಅವರ ಮನೆ ವಿಚಾರ ನಮಗ್ಯಾಕೆ’ ಎಂದು ಅತ್ತೆ ಮಗ್ಗುಲಾಗುತ್ತಿದ್ದರು. ನಾನು ಮಾರನೆಯ ದಿನದ ಪಾಠ ಬರೆದುಕೊಳ್ಳುತ್ತಿದ್ದೆ.

ಒಂದು ಸಂಜೆ ಶಾಲೆಯಿಂದ ಬಂದರೆ ಬೀದಿ ತುಂಬ ಜನ. ಸೀಮೆಎಣ್ಣೆ ಸ್ಟೌ ಪಂಪು ಹೊಡೆಯುವಾಗ ಸಿಡಿಯಿತು ಎಂದರು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸಾಗಿಸಿದ್ದರು. ಮೂರನೆಯ ದಿನ ಹೋಗಿಬಿಟ್ಟಳು. ಸ್ಟೌ ಸಿಡಿಯಿತು ಎಂದು ಅವಳೇ ಹೇಳಿಕೆ ಕೊಟ್ಟಳಂತೆ. ಹೇಳುವಾಗ ಮಂಚದ ಪಕ್ಕ ಯಾರು ನಿಂತಿದ್ದರೋ ನನಗೆ ಗೊತ್ತಿಲ್ಲ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಕಾನೂನು ಸುಮ್ಮನಿರುವುದಿಲ್ಲ. 1986ರಲ್ಲಿ ದಂಡ ಸಂಹಿತೆಗೆ 304ಬಿ ಎಂಬ ಕಲಮು ಸೇರಿಸಿದ್ದು ಇದಕ್ಕೆಂದೇ. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದು 80ನೆಯದಾಗಿದೆ. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತು ಎಂದು ತೋರಿಸಿದರೆ ಸಾಕು, ಆಮೇಲೆ ತಾವು ನಿರಪರಾಧಿಗಳೆಂದು ತೋರಿಸುವ ಹೊಣೆ ಮನೆಯವರದು. ನಾಲ್ಕು ಗೋಡೆಯೊಳಗೆ ಸಾವಿಗೆ ಸಾಕ್ಷಿ ಸಿಗುವುದಿಲ್ಲವೆಂದೇ ಹಾಗೆ ಬರೆದದ್ದು. ಎಂದರೆ, ಆ ಗೋಡೆಯ ಈಚೆಗೆ ನಾನು ರಾತ್ರಿ ಕೇಳಿಸಿಕೊಂಡದ್ದೇ ಆ ಕಾನೂನಿಗೆ ಬೇಕಾದ ಮಾತು. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆಗಲೇ ತಿಳಿದಿದ್ದರೆ ಹೇಳುತ್ತಿದ್ದೆನೇ ಎಂದು ಕೇಳಬೇಡಿ.

ತಹಶೀಲ್ದಾರರು ವಿಚಾರಣೆಗೆ ಮನೆಗೂ ಬಂದರು. ಜಗಲಿಯ ಮೇಲೆ ಹುಡುಗಿಯ ತಂದೆ ಟವೆಲ್ಲನ್ನು ಬಾಯಿಗೊತ್ತಿಕೊಂಡು ಕೂತಿದ್ದರು. ಬೀದಿಯವರನ್ನು ಒಬ್ಬೊಬ್ಬರಾಗಿ ಕರೆದು ಕೇಳುತ್ತ ನನ್ನ ಸರದಿ ಬಂತು. ‘ನೀವು ಟೀಚರಂತೆ. ಪಕ್ಕದಲ್ಲೇ ಇದ್ದೀರಿ. ಜಗಳ ಗಲಾಟೆ ಏನಾದರೂ ಕೇಳಿಸುತ್ತಿತ್ತೇನಮ್ಮ?’ ಎಂದರು. ಒಳ್ಳೆಯ ಮನುಷ್ಯ, ದನಿಯಲ್ಲಿ ಗೌರವವಿತ್ತು. ಮಾಲೀಕರು ಬಾಗಿಲ ಬಳಿ ನಿಂತಿದ್ದರು.

‘ನಾನು ಬೆಳಗ್ಗೆ ಶಾಲೆಗೆ ಹೋದರೆ ಸಂಜೆಯೇ ಬರೋದು ಸಾರ್. ನನಗೇನೂ ಗೊತ್ತಿಲ್ಲ’ ಎಂದೆ.

ಮೊದಲ ಮಾತು ನಿಜ. ಎರಡನೆಯ ಮಾತಿಗೆ ಅದನ್ನು ಊರುಗೋಲು ಮಾಡಿ ನಿಲ್ಲಿಸಿದೆ. ಓದಿದವರಿಗೆ ಈ ವಿದ್ಯೆ ಬೇಗ ಬರುತ್ತದೆ.

ಎರಡೂ ಮನೆಯ ಮುಸುರೆ ತಿಕ್ಕುವವಳು ಒಬ್ಬಳಿದ್ದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ, ಇನ್ನೂ ಇದ್ದಾಳೆ. ಆಗ ನಲವತ್ತರ ಹತ್ತಿರ ವಯಸ್ಸು, ಗಂಡ ಇರಲಿಲ್ಲ, ಇಬ್ಬರು ಮಕ್ಕಳು. ಆ ಬೀದಿಯಲ್ಲಿ ನಾಲ್ಕು ಮನೆಯ ಕೆಲಸ, ಹಿಂದಿನ ಬೀದಿಯಲ್ಲಿ ಎರಡು ಮನೆ. ಅವಳನ್ನೂ ಕರೆದರು. ಸೆರಗಿನಲ್ಲಿ ಎರಡೂ ಕೈ ಸುತ್ತಿಕೊಂಡು ನಿಂತಳು.

‘ದಿನಾ ಬೈಯೋರು ಸ್ವಾಮಿ, ಗಾಡಿ ತಂದಿಲ್ಲ ಅಂತ. ಹೋದ ವಾರ ಕೈಗೆ ಬರೆ ಹಾಕಿದ್ರು, ನಾನೇ ನೋಡೀನಿ’ ಎಂದು ಸೆರಗಿನಿಂದ ಕೈ ಬಿಡಿಸಿ, ತನ್ನ ಮೊಣಕೈ ಕೆಳಗೆ ಬೆರಳಿಟ್ಟು, ‘ಇಲ್ಲಿ’ ಎಂದು ತೋರಿಸಿದಳು. ಮತ್ತೆ ಕೈಯನ್ನು ಸೆರಗಿನೊಳಗೆ ಸೇರಿಸಿದಳು. ಜಗಲಿಯ ಮೇಲಿದ್ದ ತಂದೆ ಅಲ್ಲಿಯವರೆಗೆ ಅತ್ತಿರಲಿಲ್ಲ, ಆಗ ಅತ್ತರು.

ಒನಕೆ ಎತ್ತಿದ ಗಳಿಗೆ ಅದು. ಓಬವ್ವನಿಗೆ ಇಲ್ಲದ ಮರುದಿನ ಇವಳಿಗಿತ್ತು.

ಮಾಲೀಕರ ಮನೆಯ ಕೆಲಸ ಹೋಯಿತು, ಹೇಳಬೇಕಾದ್ದಿಲ್ಲ. ಎದುರು ಮನೆಯವರು ಬೇಡವೆಂದರು, ಮೂಲೆಮನೆಯವರೂ ಬೇಡವೆಂದರು. ಇನ್ನುಳಿದದ್ದು ನಾವು. ‘ಮಾಲೀಕರು ಏನಂದುಕೊಳ್ತಾರೆ, ಸ್ವಲ್ಪ ದಿನ ಬೇಡ’ ಎಂದರು ಅತ್ತೆ. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಬರಬೇಕಾದ ಸಂಬಳದ ಜೊತೆಗೆ ಇನ್ನೊಂದು ತಿಂಗಳಿನದನ್ನೂ ಸೇರಿಸಿ ಕೊಟ್ಟೆ. ಎಣಿಸಿ ನೋಡಿ, ‘ಇದು ಯಾತರದು ಟೀಚರಮ್ಮ?’ ಎಂದಳು. ನಾನು ಸುಮ್ಮನಿದ್ದೆ. ಹೆಚ್ಚಿನ ನೋಟನ್ನು ಕಿಟಕಿಯ ಮೇಲಿಟ್ಟು ಹೋದಳು.

ಹಿಂದಿನ ಬೀದಿಯ ಎರಡು ಮನೆ ಮಾತ್ರ ಅವಳನ್ನು ಬಿಡಲಿಲ್ಲ. ಅಲ್ಲಿಗೆ ಹೋಗಲು ಮೋರಿಯ ಪಕ್ಕದ ಓಣಿಯೊಂದಿತ್ತು. ಅವಳು ಆ ದಾರಿ ಹಿಡಿಯಲಿಲ್ಲ. ದಿನಾ ಬೆಳಗ್ಗೆ ಆರಕ್ಕೆ ನಮ್ಮ ಬೀದಿಯಲ್ಲೇ, ನಾಲ್ಕೂ ಮನೆಗಳ ಮುಂದೆಯೇ ಹೋಗುತ್ತಿದ್ದಳು. ಯಾರೂ ಮಾತಾಡಿಸುತ್ತಿರಲಿಲ್ಲ. ಮಾಲೀಕರ ಮನೆಯ ಅಜ್ಜಿ ಎಲೆಯಡಿಕೆ ಉಗಿಯುತ್ತಿದ್ದುದು ಅವಳು ಬರುವ ಹೊತ್ತಿಗೇ. ನಾನು ಬಾಗಿಲಿಗೆ ನೀರು ಹಾಕುವ ಸಮಯವನ್ನು ಅರ್ಧ ಗಂಟೆ ಮುಂಚೆ ಮಾಡಿಕೊಂಡೆ.

ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆಯವರ ಜಯಂತಿ ಬಂದಾಗ ನನಗೆ ಇವಳ ನೆನಪೇ ಆಗುವುದು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಸಾವಿತ್ರಿಬಾಯಿಗೆ ಹದಿನೇಳು ವರ್ಷ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸೆಗಣಿ, ಕೆಸರು ಎರಚುತ್ತಿದ್ದರು. ಅದಕ್ಕೆ ಆಕೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡೇ ಹೊರಡುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಸೀರೆ ಬದಲಿಸಿ ಪಾಠ. ಪುಸ್ತಕಗಳಲ್ಲಿ ಇದು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ನಾನೂ ಬಹಳ ವರ್ಷ ಒಂದು ವಾಕ್ಯದಲ್ಲೇ ಮುಗಿಸುತ್ತಿದ್ದೆ. ಆದರೆ ಹೆಂಗಸರಾದ ನೀವು ಸ್ವಲ್ಪ ಯೋಚಿಸಿ. ಸೆಗಣಿ ಬಿದ್ದ ಮೊದಲ ದಿನ ತಲೆಯೆತ್ತಿ ನಡೆಯುವುದು ಒಂದು. ಎರಡನೆಯ ದಿನ ಬೆಳಗ್ಗೆ ಪೆಟ್ಟಿಗೆ ತೆರೆದು, ಯಾವ ಸೀರೆ ಉಟ್ಟುಕೊಳ್ಳಲಿ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಆರಿಸಿ, ಮಡಿಸಿ, ಚೀಲಕ್ಕೆ ಹಾಕುವುದು ಬೇರೆಯೇ. ಇವತ್ತೂ ಸೆಗಣಿ ಬೀಳುತ್ತದೆ ಎಂದು ಗೊತ್ತಿದ್ದು ಅದಕ್ಕೆ ಏರ್ಪಾಡು ಮಾಡಿಕೊಂಡು ಹೊರಡುವುದು. ಸಂಜೆ ಮನೆಗೆ ಬಂದು ಆ ಕೊಳೆ ಸೀರೆ ಒಗೆಯುವುದೂ ಇರುತ್ತದಲ್ಲ. 1897ರಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆ ಮಾಡುತ್ತಲೇ ಆಕೆಗೂ ಪ್ಲೇಗು ತಗಲಿ ತೀರಿಕೊಂಡರು. ಆ ಸಾವಿಗಿಂತ ನನ್ನನ್ನು ಹೆಚ್ಚು ಕಾಡುವುದು ಚೀಲದಲ್ಲಿದ್ದ ಆ ಸೀರೆ.

ಕೇಸು ಸೆಷನ್ಸ್ ಕೋರ್ಟಿಗೆ ಬಂದದ್ದು ಎರಡು ವರ್ಷದ ಮೇಲೆ. ಕೆಲಸದವಳು ಸಾಕ್ಷಿಗೆ ಮೂರು ಸಲ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದಳು. ಎರಡು ಸಲ ಮುಂದಕ್ಕೆ ಹಾಕಿದರು. ಮೂರನೆಯ ಸಲ ಹೇಳಿದ್ದನ್ನೇ ಹೇಳಿದಳು. ಪಾಟೀಸವಾಲಿನಲ್ಲಿ, ನಿನ್ನನ್ನು ಕೆಲಸದಿಂದ ತೆಗೆದ ಸಿಟ್ಟಿಗೆ ಹೀಗೆ ಹೇಳುತ್ತಿದ್ದೀಯಾ ಎಂದು ಕೇಳಿದರಂತೆ. ಮೊದಲು ಹೇಳಿದ್ದು, ಆಮೇಲೆ ಕೆಲಸ ಹೋದದ್ದು. ಅದನ್ನು ತಿರುಗಿಸಿ ಹಾಕಿದರು. ಇನ್ನೊಂದು ಮಾತೂ ಬಂತಂತೆ: ಪಕ್ಕದ ಗೋಡೆಗೇ ವಾಸವಿದ್ದ ವಿದ್ಯಾವಂತ ಶಿಕ್ಷಕಿಯೇ ತನಗೇನೂ ಗೊತ್ತಿಲ್ಲವೆಂದಿದ್ದಾರೆ, ಮುಸುರೆ ತಿಕ್ಕುವವಳಿಗೆ ಮಾತ್ರ ಹೇಗೆ ಗೊತ್ತಾಯಿತು? ನನ್ನ ಬಿ.ಎ., ಬಿ.ಎಡ್. ಕೋರ್ಟಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಸಂಶಯದ ಲಾಭ ಕೊಟ್ಟು ಎಲ್ಲರೂ ಖುಲಾಸೆಯಾದರು. ಮಾಲೀಕರು ನಮ್ಮ ಮನೆಗೂ ಸಿಹಿ ಕಳಿಸಿದ್ದರು. ಅತ್ತೆ ಅದನ್ನು ಡಬ್ಬಿಗೆ ಹಾಕಿಟ್ಟರು, ನಾನು ಮುಟ್ಟಲಿಲ್ಲ. ಮುಟ್ಟದೇ ಇದ್ದದ್ದನ್ನು ಏನೋ ದೊಡ್ಡದೆಂದು ಆಗ ಅಂದುಕೊಂಡಿದ್ದೆ.

ನಾವು ಆ ಮನೆಯಲ್ಲಿ ಒಟ್ಟು ಐದು ವರ್ಷ ಇದ್ದೆವು. ತಹಶೀಲ್ದಾರರು ಬಂದುಹೋದ ಮೇಲೆ ಮೂರು ವರ್ಷ. ಆ ಮೂರು ವರ್ಷವೂ ಮಾಲೀಕರು ಬಾಡಿಗೆ ಏರಿಸಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಬರುತ್ತದೆ. ಅದರಲ್ಲಿ ಮೊದಲನೆಯ ಹೆಸರೇ ಅಭಯ. ಸತ್ಯ ಬರುವುದು ಕೂಡ ಅದಾದ ಮೇಲೆ. ಅಭಯ ಎಂದರೆ ತಾನು ಹೆದರದೇ ಇರುವುದು ಎಂದಷ್ಟೇ ನಾನು ತಿಳಿದಿದ್ದೆ. ಆದರೆ ಗುಡಿಯಲ್ಲಿ ದೇವರು ಎತ್ತಿ ಹಿಡಿದ ಅಂಗೈಗೂ ಅಭಯಹಸ್ತ ಎಂದೇ ಹೆಸರು. ಅದು ಇನ್ನೊಬ್ಬರ ಹೆದರಿಕೆ ಕಳೆಯಲು. ಆ ಬೀದಿಯಲ್ಲಿ ಅವಳಿಗೆ ಅಂಥದೊಂದು ಕೈ ತೋರಿಸುವುದು ಕಷ್ಟವೇನಿರಲಿಲ್ಲ. ನಾನು ಸಾಕ್ಷಿ ಹೇಳದಿದ್ದರೂ ಬೆಳಗ್ಗೆ ಆರು ಗಂಟೆಗೆ ಬಾಗಿಲಲ್ಲಿ ನಿಂತು, ‘ಏನವ್ವಾ, ಕಾಫಿ ಆಯ್ತಾ?’ ಎಂದಿದ್ದರೆ ಸಾಕಿತ್ತು. ಧೈರ್ಯಕ್ಕೂ ಅಳತೆಗಳಿವೆ, ಪಾವು, ಅರೆಪಾವು, ಚಟಾಕು. ನನ್ನ ಹತ್ತಿರ ಚಟಾಕೂ ಇರಲಿಲ್ಲ.

ವರ್ಷಗಳಾದ ಮೇಲೆ, ಮದುವೆಯೊಂದಕ್ಕೆ ಆ ಊರಿಗೆ ಹೋದಾಗ ಸಂತೆಯಲ್ಲಿ ಸಿಕ್ಕಿದಳು. ಮಗ ಗ್ಯಾರೇಜ್ ಇಟ್ಟಿದ್ದಾನೆ, ಸೊಸೆ ಒಳ್ಳೆಯವಳು, ಮಂಡಿನೋವು ಎಂದಳು. ನನ್ನನ್ನು ಕಂಡು ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದೇ ನನಗೆ ಕಷ್ಟವಾಯಿತು. ಸೊಪ್ಪಿನವಳ ಪಕ್ಕದಲ್ಲಿ ನಿಂತೇ ಕೇಳಿದೆ, ‘ಅವತ್ತು ನಿನಗೆ ಹೆದರಿಕೆ ಆಗಲಿಲ್ವಾ?’

‘ಆಗಲಿಲ್ಲ ಅಂದ್ರೆ? ಕೈ ನಡುಗ್ತಿತ್ತು ಟೀಚರಮ್ಮ. ಅದ್ಕೇ ಸೆರಗಿನಾಗೆ ಸುತ್ಕಂಡಿದ್ದೆ.’

‘ಮತ್ತೆ ಹೇಗೆ ಹೇಳಿದೆ?’

ಸ್ವಲ್ಪ ಹೊತ್ತು ಯೋಚಿಸಿದಳು. ‘ಆ ಹುಡ್ಗಿ ದಿನಾ ಕಾಫಿ ಕೊಡಾಳು. ನಿಂತ್ಕಂಡು ಕುಡಿಯಾಕೆ ಬಿಡ್ತಿರಲಿಲ್ಲ. ಕುಂತ್ಕ ಕುಂತ್ಕ ಅನ್ನಾಳು. ಅತ್ತೆ ಬೈದ್ರೂ ಅನ್ನಾಳು. ಅವರು ಕೇಳಿದ್ರಲ್ಲ, ಹೇಳ್ದೆ. ಕೇಳ್ದೇ ಇದ್ದಿದ್ರೆ ನಾನೂ ಸುಮ್ಕಿರ್ತಿದ್ನೋ ಏನೋ.’

ಬಸ್ಸಿನಲ್ಲಿ ವಾಪಸು ಬರುವಾಗ ಬಿ.ಎ.ಯ ಅರಿಸ್ಟಾಟಲನನ್ನು ನೆನೆದೆ. ಸಿಟ್ಟಿನ ಭರವೇ? ಅವಳು ದನಿ ಕೂಡ ಎತ್ತಿರಲಿಲ್ಲ. ಅಪಾಯ ತಿಳಿಯದೆ ಹೇಳಿದಳೇ? ನಾಲ್ಕು ಮನೆಯ ಸಂಬಳ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಲೆಕ್ಕ ಬಲ್ಲವರು ಯಾರು? ನಾಲ್ಕು ಜನ ಮೆಚ್ಚಲೆಂದೇ? ಮೆಚ್ಚಲು ಅಲ್ಲಿ ಒಬ್ಬರೂ ಇರಲಿಲ್ಲ. ಅವಳ ಲೆಕ್ಕದಲ್ಲಿದ್ದದ್ದು ಕೂತು ಕುಡಿದ ಕಾಫಿ. ನನಗೂ ಆ ಹುಡುಗಿ ಕರಿಬೇವು ಕೊಟ್ಟಿದ್ದಳು.

ಇಷ್ಟೆಲ್ಲ ಆ ಸಂಜೆ ಚಪಾತಿ ಲಟ್ಟಿಸುತ್ತ ನೆನಪಾಗಿ, ಮೂರು ಚಪಾತಿ ಸೀದವು. ಮರುದಿನ ಶಾಲೆಗೆ ಹೋದೆ, ಹೇಳಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಶನಿವಾರ ಬೆಳಗಿನ ಕೊನೆಯ ಪಿರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಸಿ, ‘ಅವತ್ತು ಒಬ್ಬಳು ಪ್ರಶ್ನೆ ಕೇಳಿದ್ದಳಲ್ಲ, ಅದಕ್ಕೆ ನಾನು ಸರಿಯಾದ ಉತ್ತರ ಕೊಡಲಿಲ್ಲ’ ಎಂದು ಶುರು ಮಾಡಿದೆ. ಎಂಟನೇ ತರಗತಿಯ ಮಕ್ಕಳಿಗೆ ಹೇಳಬಹುದಾದಷ್ಟು ಹೇಳಿದೆ. ಆದರೆ ನನ್ನ ಭಾಗವನ್ನು ಬಿಡಲಿಲ್ಲ. ತಹಶೀಲ್ದಾರರಿಗೆ ಹೇಳಿದ ಮಾತು, ಕಿಟಕಿಯ ಮೇಲಿನ ನೋಟು, ಏರದ ಬಾಡಿಗೆ ಎಲ್ಲವನ್ನೂ ಹೇಳಿದೆ. ಹೇಳುವಾಗ ಸುಣ್ಣದಕಡ್ಡಿ ಹಿಡಿದ ಕೈಯನ್ನು ಮೇಜಿನ ಹಿಂದೆ ಇಟ್ಟುಕೊಂಡಿದ್ದೆ.

ಮಕ್ಕಳು ಗಲಾಟೆ ಮಾಡಲಿಲ್ಲ. ಮುಂದಿನ ಬೆಂಚಿನವಳು, ಓಬವ್ವನಾಗಿದ್ದ ಹುಡುಗಿ, ಕಣ್ಣು ಕೆಳಗೆ ಹಾಕಿದ್ದಳು. ಟೀಚರ ಬಗ್ಗೆ ಅವಳಿಗೆ ನಾಚಿಕೆಯಾಯಿತೋ ಏನೋ. ಕೊನೆಯ ಸಾಲಿನ ಹುಡುಗಿ ಮತ್ತೆ ಎದ್ದು ನಿಂತಳು.

‘ಟೀಚರ್, ಆಗ ಬಾಡಿಗೆ ಎಷ್ಟಿತ್ತು?’

‘ಆರುನೂರು ರೂಪಾಯಿ’ ಎಂದೆ.

ಅವಳು ತಲೆಯಾಡಿಸಿ ಕೂತಳು.